ಮೈಕ್‌ಸೆಟ್ ಚಾಚಾ ಕೂತ ಮದುವೆ

ಹೋದ ವಾರ ನಮ್ಮ ಮನೆಯ ಹಾಡಿನ ಪೆಟ್ಟಿಗೆಯ ಫ್ಯಾನು ಗೊರಗೊರ ಅನ್ನತೊಡಗಿತು. ಪೆಟ್ಟಿಗೆ ಅಂದರೆ ಅಂಥ ದೊಡ್ಡದೇನಲ್ಲ, ಎರಡು ಹಾರ್ಡ್‌ಡಿಸ್ಕ್ ಹಿಡಿಯುವ ಒಂದು ಕರಿ ಡಬ್ಬಿ. ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಹಗಲೂ ರಾತ್ರಿ ಕೂತಿರುತ್ತದೆ. ನಾನು ಇಷ್ಟು ವರ್ಷ ಕೂಡಿಟ್ಟ ಹಾಡೆಲ್ಲ ಅದರ ಹೊಟ್ಟೆಯಲ್ಲಿವೆ. ಅಡುಗೆಮನೆಯಲ್ಲಿ ಹೆಂಡತಿ ಒಂದು ಕೇಳುತ್ತಾಳೆ, ಮಹಡಿಯಲ್ಲಿ ಮಗಳು ಇನ್ನೊಂದು, ಹಾಲಿನಲ್ಲಿ ನಾನು ಮತ್ತೊಂದು. ಒಬ್ಬರ ಹಾಡು ಒಬ್ಬರಿಗೆ ಅಡ್ಡ ಬರುವುದಿಲ್ಲ, ಹಾಗಾಗಿ ಮನೆಯಲ್ಲಿ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮುಚ್ಚಳ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದೆ. ಕಾದ ತಗಡು, ಅದರ ಮೇಲೆ ಬೆಂದ ಧೂಳು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಷ್ ಹಿಡಿದವನು ಹಾಗೇ ಕೂತುಬಿಟ್ಟೆ. ಅದು ಮದುವೆ ಮನೆಯ ಮೂಲೆಯಲ್ಲಿ ಬೆಳಗಿನಿಂದ ಕಾದು ಕೂತ ಆಂಪ್ಲಿಫೈಯರಿನ ವಾಸನೆ. ಅದರ ಹಿಂದೆ ಸ್ಟೂಲಿನ ಮೇಲೆ ಒಬ್ಬರು ಕೂತಿರುತ್ತಿದ್ದರು.

ಅವರನ್ನು ನಾವೆಲ್ಲ ಮೈಕ್‌ಸೆಟ್ ಚಾಚಾ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ವಿನೋಬನಗರದ ಒಂದು ಅಡ್ಡ ಓಣಿಯಲ್ಲಿ ನಮ್ಮ ಮನೆ, ಅದಕ್ಕೆ ಗೋಡೆಗೆ ಗೋಡೆ ಹತ್ತಿಕೊಂಡು ಅವರ ಮನೆ. ನಾನು ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಅವರು ಮದುವೆಗೆ, ಉರುಸಿಗೆ, ಗಣಪತಿ ಕೂರಿಸುವವರಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದರು. ಎಷ್ಟೋ ಮದುವೆಗಳಿಗೆ ಪತ್ರಿಕೆ ನನ್ನದು, ಹಾಡು ಅವರದು. "ನಿನ್ನ ಕಾಗದ ಮದ್ವಿ ಮಾರನೇ ದಿನಕ್ಕೆ ಮಂಡಕ್ಕಿ ಕಟ್ಟಾಕೆ ಹೋಗ್ತೈತೆ ತಮ್ಮಾ. ನನ್ನ ಹಾಡು ಕಿವ್ಯಾಗೇ ಇರ್ತೈತೆ" ಎಂದು ನನ್ನನ್ನು ಛೇಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನನ್ನ ಕಾಗದ ಇಲ್ಲದಿದ್ದರೆ ನಿಮ್ಮ ಹಾಡು ಕೇಳುವುದಕ್ಕೆ ಜನವೇ ಬರುವುದಿಲ್ಲ ಎನ್ನುತ್ತಿದ್ದೆ.

ಚಾಚಾ ಬರೀ ಹಾಡು ಹಾಕುವವರಲ್ಲ. ಮದುವೆ ನಡೆಸುವವರೇ ಅವರು ಎಂಬ ಭಾವನೆ ನಮ್ಮ ಓಣಿಗಿತ್ತು, ಅವರಿಗಂತೂ ಧಾರಾಳವಾಗಿತ್ತು. ಬೆಳಿಗ್ಗೆ ಶಹನಾಯಿ. ಬೀಗರು ಬಂದು ಇಳಿಯುವಾಗ ಕಾಲು ತಾನಾಗಿ ಕುಣಿಯುವಂಥದ್ದು. ಊಟದ ಪಂಕ್ತಿಗೆ ಹಳೆಯ ಸಿನಿಮಾದ ಮೆಲುದನಿಯ ಹಾಡುಗಳು. ಹೆಣ್ಣು ಒಪ್ಪಿಸುವ ಹೊತ್ತಿಗೆ ಕಲ್ಲನ್ನೂ ಕರಗಿಸುವ ಒಂದು ಹಾಡು. ಲಿಂಗಾಯತರ ಮನೆಗೆ ಒಂದು ಕ್ರಮ, ಮುಸಲ್ಮಾನರ ಮನೆಗೆ ಇನ್ನೊಂದು. ನಿಕಾಹ್ ಓದುವ ಹೊತ್ತಿಗೆ ಮಾತ್ರ ಎಲ್ಲವೂ ನಿಲ್ಲಬೇಕು. ಇದು ಓಣಿಗೆ ಎಷ್ಟು ರೂಢಿಯಾಗಿತ್ತೆಂದರೆ ಶಾಮಿಯಾನದೊಳಗೆ ಏನು ನಡೆಯುತ್ತಿದೆ ಎಂದು ಯಾರೂ ಇಣುಕಿ ನೋಡುತ್ತಿರಲಿಲ್ಲ. ಚಾಚಾನ ಹಾಡು ತಟ್ಟನೆ ನಿಂತಿತೆಂದರೆ ನಿಕಾಹ್ ಶುರುವಾಯಿತೆಂದೇ ಲೆಕ್ಕ. ಹೆಂಗಸರು ಸೆರಗನ್ನು ತಲೆಗೆ ಎಳೆದುಕೊಳ್ಳುವರು, ಒಲೆ ಮುಂದಿನವರು ಸೌಟು ಕೆಳಗಿಡುವರು, ನಮ್ಮಂಥ ನೆರೆಹೊರೆಯವರೂ ಮಾತು ಬಿಟ್ಟು ಕೈಕಟ್ಟಿ ನಿಲ್ಲುವರು.

ಇಷ್ಟೆಲ್ಲ ಮದುವೆ ನಡೆಸಿದ ಮನುಷ್ಯ ಒಂದು ಮದುವೆಯಲ್ಲೂ ಕೂತವರಲ್ಲ. ಪರರ ಮದುವೆಯಲ್ಲಿ ಕೂರದಿದ್ದರೆ ಹೋಗಲಿ, ಅದು ಕಸುಬು. ತಮ್ಮ ಮನೆಯ ಮದುವೆಯಲ್ಲೂ ಅವರ ಜಾಗ ಆ ಸ್ಟೂಲೇ. ಅದಕ್ಕೂ ಒಂದು ಕಥೆಯಿದೆ. ಅವರ ತಮ್ಮನ ಮದುವೆಯಲ್ಲಿ, ಅಣ್ಣನಾದವನು ಆರಾಮಾಗಿ ಓಡಾಡಲಿ ಎಂದು ಮನೆಯವರು ಬೇರೊಬ್ಬ ಮೈಕ್‌ಸೆಟ್ಟಿನವನನ್ನು ಕರೆಸಿದ್ದರಂತೆ. ಆ ಪುಣ್ಯಾತ್ಮ ಊಟದ ಮೊದಲ ಪಂಕ್ತಿ ನಡೆಯುತ್ತಿದ್ದಾಗ ಹೆಣ್ಣು ಒಪ್ಪಿಸುವ ಹಾಡು ಹಾಕಿಬಿಟ್ಟ. ಹಾಡು ಕೇಳಿದ್ದೇ ಹೆಣ್ಣಿನ ಕಡೆಯವರು, ಅಯ್ಯೋ ಹುಡುಗಿ ಹೊರಟಳು ಎಂದು ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಓಡಿದರು. ಹುಡುಗಿ ಒಳಗೆ ಕೂತು ಇನ್ನೂ ಷರಬತ್ತು ಕುಡಿಯುತ್ತಿದ್ದಳು! ಅಂದಿನಿಂದ ಚಾಚಾ ಆಣೆ ಹಾಕಿದರು, ನಮ್ಮ ಮನೆಯ ಮದುವೆಗೆ ಇನ್ನೊಬ್ಬರ ಕೈ ಮೈಕಿಗೆ ತಾಗಬಾರದು. ಮುಂದೆ ಸ್ವಂತ ಮಗನ ಮದುವೆಯಲ್ಲಿ ಗಂಡಿನ ಅಪ್ಪನನ್ನು ಹುಡುಕಿಕೊಂಡು ಬಂದವರಿಗೆ ಅವರು ಸಿಕ್ಕಿದ್ದು ಹಾರ್ನ್ ಕಟ್ಟಿದ ಕಂಬದ ಮೇಲೆ.

ಚಾಚಿಗೆ, ಅಂದರೆ ಅವರ ಹೆಂಡತಿಗೆ, ಇದೊಂದು ಮುಗಿಯದ ಸಂಕಟ. ಆದರೆ ಕೊನೆಗೆ ಹಟ ಹಿಡಿದವಳು ಮಗಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಹುಡುಗಿ, ನನ್ನ ಹತ್ತಿರ ಬಂದು ಕನ್ನಡ ಟೈಪಿಂಗ್ ಕಲಿತವಳು, ಸ್ವಭಾವದಲ್ಲಿ ಥೇಟ್ ಅಪ್ಪನೇ. ಹರಿಹರದ ಫರ್ನಿಚರ್ ಕೆಲಸದವರ ಮನೆಗೆ ಸಂಬಂಧ ಗಟ್ಟಿಯಾಯಿತು. ಮದುವೆ ನಮ್ಮ ಓಣಿಯಲ್ಲೇ. ಅವರಲ್ಲಿ ನಿಕಾಹಿನ ಹೊತ್ತಿಗೆ ಹೆಣ್ಣಿನ ಪರವಾಗಿ ನಿಲ್ಲುವ ವಕೀಲ, ಸಾಕ್ಷಿ ಎಂದು ಹಿರಿಯರು ಒಳಗೆ ಹೆಣ್ಣಿನ ಹತ್ತಿರ ಬಂದು ಒಪ್ಪಿಗೆ ಕೇಳುತ್ತಾರೆ, ಅವಳು ಕುಬೂಲ್ ಅನ್ನಬೇಕು. ಪತ್ರಿಕೆಯ ಅಕ್ಷರ ನೋಡಲು ಅಪ್ಪ ಮಗಳು ನಮ್ಮ ಮನೆಗೆ ಬಂದಾಗ, ನನ್ನ ಎದುರಿಗೇ ಅವಳು ಹೇಳಿದಳು:

"ಆ ಹೊತ್ತಿನಾಗೆ ಅಬ್ಬಾ ನನ್ನ ಬಾಜೂಕ ಕುಂತಿರಬೇಕು. ಇಲ್ಲಂದ್ರೆ ನಾ ಕುಬೂಲ್ ಅನ್ನಂಗಿಲ್ಲ. ಅಣ್ಣಾ, ನೀವೇ ಸಾಕ್ಷಿ."

ಚಾಚಾ ನಕ್ಕರು. ಮಗಳು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮುಖವೂ ಸಣ್ಣದಾಯಿತು. ಬೇರೆ ಮೈಕ್‌ಸೆಟ್ ಕರೆಸೋಣವೆಂದರೆ ಆಣೆ. ಹಾಡೇ ಬೇಡವೆಂದರೆ? "ಮೈಕ್‌ಸೆಟ್ಟಿನವನ ಮಗಳ ಮದ್ವಿ ಮೂಕಿ ಮದ್ವಿ ಆಗ್ಬೇಕೇನು?" ಎಂದು ನನ್ನನ್ನೇ ಕೇಳಿದರು, ನಾನೇ ಹಾಗೆ ಮಾಡಲು ಹೊರಟವನಂತೆ. ಅವರ ಕಣ್ಣಿನಲ್ಲಿ ನೀರಿತ್ತು.

ಆಗ ನನ್ನ ತಲೆಗೆ ಹುಳ ಬಿತ್ತು. ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ತುಂಬಿಸಿಕೊಳ್ಳಬಹುದು, ಚಿಕ್ಕದಾಗಿ ಮಡಚಿ ಇಡಬಹುದು ಎಂದು ಆಗಷ್ಟೇ ಗೊತ್ತಾಗಿತ್ತು. ಒಂದು ಕಂಪ್ಯೂಟರಿನಲ್ಲಿ ಇಟ್ಟದ್ದನ್ನು ಕೇಬಲ್ ಎಳೆದು ಇನ್ನೊಂದರಿಂದ ತೆಗೆದುಕೊಳ್ಳಬಹುದು ಎಂದು ಒಬ್ಬ ಗೆಳೆಯನ ಆಫೀಸಿನಲ್ಲಿ ನೋಡಿದ್ದೆ. ಹಾಡೆಲ್ಲ ನನ್ನ ಕೋಣೆಯ ಪೆಟ್ಟಿಗೆಯಲ್ಲಿರಲಿ. ಶಾಮಿಯಾನದಲ್ಲಿ ಒಂದು ಕಂಪ್ಯೂಟರ್, ಹೆಂಗಸರ ಕೋಣೆಯಲ್ಲಿ ಒಂದು. ಚಾಚಾ ಹೇಳಿದ ಕ್ರಮದಲ್ಲಿ ಸಾಲು ಹಚ್ಚಿಬಿಟ್ಟರೆ ಹಾಡುಗಳು ತಾವೇ ಒಂದರ ಹಿಂದೆ ಒಂದು ಬರುತ್ತವೆ. ನಿಲ್ಲಿಸುವುದಕ್ಕೆ ನಾನಿದ್ದೇನೆ. ಇದನ್ನು ಹೇಳಿದಾಗ ಚಾಚಾ ಅನುಮಾನದಿಂದ ನನ್ನ ಕಂಪ್ಯೂಟರನ್ನು ನೋಡಿದರು.

"ಇದಕ್ಕೆ ಸ್ವಂತ ಬುದ್ಧಿ ಐತೇನು?"

"ಇಲ್ಲ ಚಾಚಾ. ನೀವು ಹೇಳಿದ್ದಷ್ಟೇ ಮಾಡ್ತೈತೆ."

"ಹಂಗಾದ್ರೆ ಆ ಮೈಕ್‌ಸೆಟ್ಟಿನವನಕಿಂತ ವಾಸಿ" ಎಂದರು.

ಬೇಸಿಗೆಯ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ದಾವಣಗೆರೆಯ ಬಿಸಿಲು, ಫ್ಯಾನಿನ ಕೆಳಗೆ ಕೂತರೆ ಒಲೆ ಊದಿದ ಹಾಗೆ ಗಾಳಿ. ಚಾಚಾ ಟ್ರಂಕಿನಿಂದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತೆಗೆದು, ಅರಿವೆಯಲ್ಲಿ ಬೂಷ್ಟು ಒರೆಸಿ, ಸಡಿಲಾದ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಕೊಡುವರು. ಹಾಡು ಎಷ್ಟು ಉದ್ದವಿದೆಯೋ ಅಷ್ಟು ಹೊತ್ತೂ ಕಾಯಬೇಕು, ಆತುರ ಪಡುವಂತಿರಲಿಲ್ಲ. ಹಾಗಾಗಿ ಪ್ರತಿ ಹಾಡಿನ ಜೊತೆಗೆ ಅದು ಮೊಳಗಿದ ಮದುವೆಯ ಕಥೆಯೂ ಬರುತ್ತಿತ್ತು. ಇದು ಕಡರನಾಯಕನಹಳ್ಳಿಯ ಮದುವೆಯಲ್ಲಿ ಗಂಡಿನ ಸೋದರಮಾವ ಮತ್ತೆ ಮತ್ತೆ ಹಾಕಿಸಿ ಕುಣಿದದ್ದು, ಇದು ಆನೆಕೊಂಡದಲ್ಲಿ ಮಳೆ ಬಂದು ಬೀಗರೆಲ್ಲ ಒಂದೇ ತಾಡಪಾಲಿನ ಕೆಳಗೆ ನಿಂತಾಗ ಹಾಕಿದ್ದು... ಅವರು ಎಂದೂ ಕೂರದ ಮದುವೆಗಳು ಅವರಿಗೆ ಕೂತವರಿಗಿಂತ ಹೆಚ್ಚು ನೆನಪಿದ್ದವು.

ಟ್ರಂಕಿನ ಹಾಡೆಲ್ಲ ನನ್ನ ಪೆಟ್ಟಿಗೆಯಲ್ಲಿ ಒಂದು ಮೂಲೆಗೆ ಹಿಡಿದದ್ದು ಕಂಡು ಅವರಿಗೆ ಸಂತೋಷಕ್ಕಿಂತ ಸಂಶಯ ಜಾಸ್ತಿಯಾಯಿತು. "ಇಷ್ಟು ಸಣ್ಣದ್ರಾಗೆ ಹೆಂಗೆ ಹಿಡಿತು? ಎಲ್ಲೋ ಏನೋ ಕದೀತೈತೆ ನಿನ್ನ ಡಬ್ಬಿ" ಎಂದರು. ಕದಿಯುವುದು ನಿಜವೇ, ಕಿವಿಗೆ ಕೇಳದ್ದನ್ನು ಬಿಟ್ಟುಬಿಡುತ್ತದೆ ಎಂದೆ. ಯಾರ ಕಿವಿಗೆ, ಎಂದು ಕೇಳಿದರು. ನಾನು ಚಹಾ ತರಿಸಿದೆ.

ಇನ್ನೆರಡು ಕಂಪ್ಯೂಟರ್ ಎಲ್ಲಿಂದ? ಅದಕ್ಕೆ ಚಾಚಾ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ಅವರಿಗೆ ಗೊತ್ತಿದ್ದ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ಮೋಟರು ಕಬ್ಬಿಣದ ರಾಶಿಯ ನಡುವೆ, ಯಾವುದೋ ಆಫೀಸು ಬಿಸಾಡಿದ ಕಂಪ್ಯೂಟರುಗಳು ಬಿದ್ದಿದ್ದವು. ನಾವು ಆರಿಸುತ್ತಿದ್ದ ರೀತಿ ನೋಡಬೇಕಿತ್ತು. ನಾನು ಒಳಗಿನ ಬೋರ್ಡು ನೋಡುತ್ತಿದ್ದರೆ, ಅವರು ಕಲ್ಲಂಗಡಿ ಹಣ್ಣಿನ ಹಾಗೆ ಹೊರಗಿನಿಂದ ತಟ್ಟಿ ನೋಡುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಆ ಎರಡು ಡಬ್ಬಿಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆವು. ಬೀಗರೂರಿನಿಂದ ಏನು ತಂದಿರಿ ಎಂದು ಚಾಚಿ ಆಸೆಯಿಂದ ಬಾಗಿಲಿಗೆ ಬಂದವರು, ಡಬ್ಬಿ ನೋಡಿದವರೇ ಒಳಗೆ ಹೋದರು.

ಮದುವೆಗೆ ಮುಂಚೆ ಒಂದು ವಾರ ಚಾಚಾನ ಮನೆಯಲ್ಲೇ ಪರೀಕ್ಷೆ. ನನ್ನ ಕೋಣೆಯಿಂದ ಗೋಡೆಯ ಮೇಲೆ ಹಾಯಿಸಿ ಕರಿ ಕೇಬಲ್ ಎಳೆದೆವು, ಟಿವಿ ಕೇಬಲಿನ ಹಾಗೆಯೇ ಕಾಣುವಂಥದ್ದು. ಕಂಬ ಹತ್ತುವುದು, ಹೆಂಚು ಸರಿಸದೆ ವೈರ್ ದಾಟಿಸುವುದು ಅವರ ಕೆಲಸ. ಕಂಪ್ಯೂಟರುಗಳು ಒಂದನ್ನೊಂದು ಗುರುತು ಹಿಡಿಯುವಂತೆ ಮಾಡುವುದು ನನ್ನದು. ಎರಡು ದಿನ ಅವು ಪರಿಚಯವೇ ಇಲ್ಲದವರ ಹಾಗೆ ಕೂತವು. ಮೂರನೆಯ ದಿನ ಸಂಜೆ ಚಾಚಾನ ಒಳಕೋಣೆಯ ಡಬ್ಬಿಯಿಂದ ಮೆಹಂದಿ ಹಾಡು, ಹೊರಗಿನ ಪಡಸಾಲೆಯ ಡಬ್ಬಿಯಿಂದ ಶಹನಾಯಿ, ನನ್ನ ಕೋಣೆಯಲ್ಲಿ ಹಳೆಯ ಸಿನಿಮಾದ ಹಾಡು, ಮೂರೂ ಒಟ್ಟಿಗೆ, ಒಂದೇ ಪೆಟ್ಟಿಗೆಯಿಂದ! ಚಾಚಾ ಆ ಕೋಣೆಗೂ ಈ ಕೋಣೆಗೂ ಮಗುವಿನ ಹಾಗೆ ಓಡಾಡಿದರು. ಚಾಚಿ ಅಡುಗೆಮನೆಗೆ ತಮಗೊಂದು ಡಬ್ಬಿ ಬೇಕೆಂದರು. ಆ ವಾರವೆಲ್ಲ ಆ ಮನೆಯಲ್ಲಿ ಯಾವ ಕೋಣೆಗೆ ಹೋದರೂ ಒಂದು ಹಾಡು ಇರುತ್ತಿತ್ತು. ನನಗೆ ಬಂದ ಜಂಭಕ್ಕೆ ಓಣಿ ಸಾಲುತ್ತಿರಲಿಲ್ಲ. ಇವತ್ತು ನೆನೆದರೂ ಮೀಸೆ ಮೇಲೇಳುತ್ತದೆ.

ಮದುವೆಯ ಬೆಳಿಗ್ಗೆ ಎಲ್ಲವೂ ಹೂವಿನ ಸರ ಎತ್ತಿದ ಹಾಗೆ ಸಾಗಿತು. ಒಂದು ಡಬ್ಬಿ ಓಣಿಯ ಬಾಯಲ್ಲಿದ್ದ ಶಾಮಿಯಾನದಲ್ಲಿ, ಒಂದು ಹೆಂಗಸರು ಕೂಡಿದ್ದ ಒಳಕೋಣೆಯಲ್ಲಿ. ಊಟ ನಮ್ಮ ಮಾಳಿಗೆಯ ಮೇಲೆ, ಅಲ್ಲಿಗೆ ನನ್ನ ಪೆಟ್ಟಿಗೆಯದೇ ಹಾಡು. ಚಾಚಾ ಹೊಸ ಶೇರವಾನಿ ತೊಟ್ಟು ಮಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟುಕೊಂಡು. ಅವರು ಕೂತದ್ದನ್ನು ನೋಡುವುದಕ್ಕೇ ಹೆಂಗಸರು ಬಾಗಿಲಿಗೆ ಬಂದು ಬಂದು ಹೋಗುತ್ತಿದ್ದರು.

ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು.

ಶಾಮಿಯಾನದಲ್ಲೂ ಇಲ್ಲ, ಒಳಕೋಣೆಯಲ್ಲೂ ಇಲ್ಲ. ನಾನು ತಪ್ಪಿ ಏನಾದರೂ ಒತ್ತಿದೆನೋ ಎಂದು ಮಾಳಿಗೆಯ ಹಾಡನ್ನೂ ನಿಲ್ಲಿಸಿ ನೋಡಿದೆ, ಅಲ್ಲಿಗೆ ಓಣಿಯೇ ಮೂಕವಾಯಿತು. ಓಣಿ ತನಗೆ ರೂಢಿಯಾದದ್ದನ್ನು ಮಾಡಿತು. ಹೆಂಗಸರು ತಲೆಯ ಮೇಲೆ ಸೆರಗೆಳೆದರು. ಬಿರಿಯಾನಿ ಹಂಡೆಯ ಮುಂದಿದ್ದವರು ಸೌಟು ಕೆಳಗಿಟ್ಟರು. ಶಾಮಿಯಾನದಲ್ಲಿ ಹರಟುತ್ತಿದ್ದ ಗಂಡಸರು ಟೋಪಿ ಸರಿಮಾಡಿಕೊಂಡು ಕಣ್ಣು ಕೆಳಗೆ ಹಾಕಿ ಕೂತರು. ನಮ್ಮಮ್ಮ ಕಟ್ಟೆಯ ಮೇಲೆ ಕೈಮುಗಿದು ನಿಂತಳು. ಯಾರೊಬ್ಬರಿಗೂ ಹೊಳೆಯಲಿಲ್ಲ, ಕಾಜಿಯವರು ಇನ್ನೂ ಬಂದಿಲ್ಲ, ಗಂಡೂ ಬಂದಿಲ್ಲ, ಗಂಡಿನ ಬಸ್ಸು ಹರಿಹರದ ದಾರಿಯಲ್ಲೇ ಇದೆ ಎಂದು. ವರನಿಲ್ಲದ ನಿಕಾಹಿಗೆ ಓಣಿಗೆ ಓಣಿಯೇ ಭಕ್ತಿಯಿಂದ ತಲೆಬಾಗಿತ್ತು.

ಗೊತ್ತಾದದ್ದು ಇಬ್ಬರಿಗೇ. ನಾನು ಚಾಚಾನ ಬಾಗಿಲಿಗೆ ಓಡಿದೆ. ಅವರು ಆಗಲೇ ಕುರ್ಚಿಯಿಂದ ಎದ್ದಿದ್ದರು, ಕಣ್ಣು ಹೊರಗಿನ ಹಾರ್ನಿನ ಮೇಲೆ. ಮಗಳು ಅವರ ಶೇರವಾನಿಯ ತೋಳನ್ನು ಹಿಡಿದುಕೊಂಡಿದ್ದಳು. ಮೆಹಂದಿಯ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಅಷ್ಟೆ. ಇವರು ಈಗ ಹೊರಟರೆ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ಚಾಚಾ, ನೀವು ಕೂಡ್ರಿ. ನಾ ನೋಡ್ತೀನಿ" ಎಂದೆ.

"ನಿನಗೆ ತಿಳೀತದೇನೋ?"

"ತಿಳೀಲಿ, ಬಿಡಲಿ. ನೀವು ಮಾತ್ರ ಏಳಬ್ಯಾಡ್ರಿ."

ಧೈರ್ಯ ಬಾಯಲ್ಲಿತ್ತೇ ಹೊರತು ಎದೆಯಲ್ಲಿರಲಿಲ್ಲ. ಕೇಬಲ್ ಹಿಡಿದುಕೊಂಡು ಗೋಡೆಗುಂಟ ಹೊರಟೆ. ಆ ಕೇಬಲಿನದೊಂದು ಸ್ವಭಾವ, ಎಲ್ಲೋ ಒಂದು ಕಡೆ ಕೆಟ್ಟರೆ ಸಾಕು, ಎಲ್ಲ ಡಬ್ಬಿಗಳೂ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಶಾಮಿಯಾನದ ಕಡೆಗೆ ತಿರುಗುವ ಮೂಲೆಯಲ್ಲಿ, ಸೂರಿನ ಕೆಳಗೆ, ಕಪ್ಪು ಟೇಪಿನ ಒಂದು ಗಂಟು ಕಂಡಿತು. ಆ ಗಂಟು ನಾನು ಹಾಕಿದ್ದಲ್ಲ. ಅಷ್ಟು ಅಚ್ಚುಕಟ್ಟಾಗಿ ಟೇಪು ಸುತ್ತುವ ಕೈ ನಮ್ಮ ಓಣಿಯಲ್ಲಿ ಒಂದೇ. ಅಲ್ಲಿಂದ ಎರಡು ಎಳೆಯ ತೆಳ್ಳನೆಯ ವೈರೊಂದು ಕವಲೊಡೆದು ಕೊನೆಯ ಮನೆಯೊಳಗೆ ಹೋಗಿತ್ತು.

ಕೊನೆಯ ಮನೆಯಲ್ಲಿ ಒಬ್ಬ ಲಿಂಗಾಯತರ ಅಜ್ಜಿ. ಸೊಂಟ ಮುರಿದುಕೊಂಡು ಮಂಚ ಹಿಡಿದು ಬಹಳ ಕಾಲವಾಗಿತ್ತು. ಚಾಚಾನ ಮಗಳನ್ನು ಎತ್ತಿ ಆಡಿಸಿದವಳು. ಒಳಗೆ ಹೋಗಿ ನೋಡುತ್ತೇನೆ, ಅಜ್ಜಿ ದಿಂಬಿಗೆ ಒರಗಿ ತಲೆತುಂಬ ಸೆರಗು ಹೊದ್ದು ಕಣ್ಣು ಮುಚ್ಚಿಕೊಂಡಿದ್ದಾಳೆ. ನಾನು ಬಾಯಿ ತೆರೆದದ್ದೇ, "ಸುಮ್ಕಿರೋ, ನಿಕಾ ನಡದೈತೆ" ಎಂದು ಗದರಿಸಿದಳು. ನೆಲದ ಮೇಲೆ ಅವಳ ಮಗ, ಒಂದು ಸ್ಪೀಕರಿನ ಮುಂದೆ ಪೆಚ್ಚಾಗಿ ಕೂತಿದ್ದ. ಚಾಚಾ ಹಿಂದಿನ ದಿನವೇ ವೈರ್ ಎಳೆದುಕೊಟ್ಟು, ಬೆಳಿಗ್ಗೆ ಬೀಗರು ಬರುವ ಹೊತ್ತಿಗೆ ಈ ಎರಡು ತುದಿಯನ್ನು ಸ್ಪೀಕರಿಗೆ ಸಿಕ್ಕಿಸು, ಅಜ್ಜಿಯೂ ಕೇಳಲಿ ಎಂದು ಹೇಳಿದ್ದರಂತೆ. ಸಿಕ್ಕಿಸಿದ, ಏನೂ ಬರಲಿಲ್ಲವಂತೆ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಚಾಚಾನ ಲೋಕದಲ್ಲಿ ಹಾಡು ವೈರಿನೊಳಗೆ ನೀರಿನ ಹಾಗೆ ಹರಿಯುತ್ತದೆ. ಇನ್ನೊಂದು ಹಾರ್ನು ಬೇಕೆಂದರೆ ನಡುವೆ ಎಲ್ಲಿಯಾದರೂ ಸುಲಿದು, ಹೊಸೆದು, ಟೇಪು ಸುತ್ತಿದರೆ ಆಯಿತು. ಜೀವಮಾನವೆಲ್ಲ ಹಾಗೆಯೇ ಮಾಡಿದ್ದರು. ಈ ಕೇಬಲಿನಲ್ಲಿ ಹರಿಯುವುದು ಹಾಡಲ್ಲ, ಕಂಪ್ಯೂಟರುಗಳ ನಡುವಿನ ಮಾತುಕತೆ. ಅದರ ನಡುವೆ ಸ್ಪೀಕರು ತೂರಿಸಿದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಡುವೆ ಮುಟ್ಟಬೇಡಿ ಎಂದು ಹೇಳಿದ್ದೆ. ಒಬ್ಬ ಮುದುಕಿ ಕೇಳಿಕೊಂಡರೆ ಇಲ್ಲ ಅನ್ನುವ ಮನುಷ್ಯ ಅವರಾಗಿದ್ದರೆ ತಾನೇ.

ಎರಡೂ ತುದಿಗಳನ್ನು ಸ್ಪೀಕರಿನಿಂದ ಕಿತ್ತೆ, ಓಡಿ ಬಂದು ಸೂರಿನ ಗಂಟು ಬಿಚ್ಚಿ ಕೇಬಲನ್ನು ಮೊದಲಿನಂತೆ ಕೂಡಿಸಿದೆ, ಡಬ್ಬಿಗಳನ್ನು ಮತ್ತೆ ಎಬ್ಬಿಸಿದೆ. ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಶಾಮಿಯಾನದ ಹಾರ್ನಿನಿಂದ ಬೀಗರನ್ನು ಇಳಿಸಿಕೊಳ್ಳುವ ಹಾಡು ಗುಡುಗಿನ ಹಾಗೆ ಎದ್ದಿತು. ಅದೇ ಹೊತ್ತಿಗೆ ಹರಿಹರದ ಬಸ್ಸು ಓಣಿಯ ಬಾಯಿಗೆ ಬಂದು ನಿಂತಿತು. ತಮಗಾಗಿಯೇ ಕಾದು ಕೂತು ಹಾಡು ಹಾಕಿದರೆಂದು ಗಂಡಿನವರು ಉಬ್ಬಿಹೋದರು, ಇಳಿದವರೇ ಕುಣಿಯತೊಡಗಿದರು. ಸೆರಗು ಹೊದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೌಟುಗಳು ಮೇಲೆದ್ದವು. ನಾನು ಒಳಗೆ ಇಣುಕಿದೆ. ಚಾಚಾ ಕುರ್ಚಿಯಲ್ಲಿದ್ದರು. ಮಗಳ ಕೈ ಇನ್ನೂ ಅವರ ತೋಳಿನ ಮೇಲಿತ್ತು.

ಅಜ್ಜಿಯನ್ನು ಬಿಡಲಿಲ್ಲ. ಶಾಮಿಯಾನದ ಆಂಪ್ಲಿಫೈಯರಿನಿಂದ ಅದೇ ಎರಡೆಳೆ ವೈರನ್ನು ಚಾಚಾನ ಪದ್ಧತಿಯಲ್ಲೇ ಹೊಸೆದು ಅವಳ ಸ್ಪೀಕರಿಗೆ ಕೊಟ್ಟೆ. ಕಂಪ್ಯೂಟರ್ ಮುಗಿದ ಕಡೆ ಚಾಚಾನ ವಿದ್ಯೆ ಶುರುವಾಗಬೇಕಿತ್ತು, ಅಷ್ಟೇ.

ಕಾಜಿಯವರು ಬಂದರು. ಹಿರಿಯರು ಒಳಗೆ ಹೊರಟಾಗ ನಾನು ಎಲ್ಲ ಹಾಡನ್ನೂ ನಿಲ್ಲಿಸಿದೆ. ಈಗ ಬೇರೆಯೇ ಪಜೀತಿ, ಯಾರೂ ಸುಮ್ಮನಾಗಲೇ ಇಲ್ಲ. ಒಮ್ಮೆ ಮೋಸ ಹೋದ ಓಣಿ, ಮತ್ತೆ ಕೆಟ್ಟಿತು ಬಿಡು ಎಂದು ನಗುತ್ತಾ ಹರಟೆ ಮುಂದುವರಿಸಿತು. ನಾನು ಕೈ ಮಾಡಿದರೂ ಯಾರೂ ನೋಡಲಿಲ್ಲ. ಆಗ ಕೊನೆಯ ಮನೆಯ ಕಿಟಕಿಯಿಂದ ಅಜ್ಜಿಯ ದನಿ ಬಂತು: "ಈಗಿಂದು ಖರೇ ಐತ್ರೋ, ಬಾಯಿ ಮುಚ್ಚಿರ್ರಿ." ಓಣಿ ಗಪ್ಪಾಯಿತು. ಆ ನಿಶ್ಶಬ್ದದಲ್ಲಿ ಒಳಕೋಣೆಯಿಂದ ಹುಡುಗಿಯ 'ಕುಬೂಲ್' ನನ್ನ ಕೋಣೆಯವರೆಗೂ ಕೇಳಿಸಿತು. ಅಷ್ಟು ಗಟ್ಟಿಯಾಗಿ ಯಾವ ಮದುವಣಗಿತ್ತಿಯೂ ಹೇಳುವುದಿಲ್ಲ. ಅಪ್ಪ ಬಾಜೂಕಿದ್ದಾನೆ ಎಂದು ಊರಿಗೇ ಹೇಳಿದ ಹಾಗಿತ್ತು. ನಾನು ಗೆದ್ದೆ ಅನ್ನಿಸಿತು. ನಾವೆಲ್ಲರೂ ಗೆದ್ದೆವು ಅನ್ನಿಸಿತು. ಮುಬಾರಕಿನ ಹಾಡನ್ನು ಎಲ್ಲ ಡಬ್ಬಿಗಳಿಂದ ಒಟ್ಟಿಗೆ ಬಿಟ್ಟೆ.

ಸಂಜೆ ಹೆಣ್ಣು ಒಪ್ಪಿಸುವಾಗ ಚಾಚಾ ಬಸ್ಸಿನ ಕಿಟಕಿ ಹಿಡಿದು ನಿಂತಿದ್ದರು. ಅಷ್ಟೊಂದು ಮದುವೆಗೆ ಹಾಕಿದ ಹಾಡು ಅದು, ಆದರೆ ಆ ಹೊತ್ತಿಗೆ ಅವರು ಯಾವಾಗಲೂ ವೈರು ಸುತ್ತುತ್ತಾ ಇರುತ್ತಿದ್ದರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಈ ಹಾಡು ಇಷ್ಟು ಉದ್ದ ಐತೇನೋ ತಮ್ಮಾ?" ಎಂದು ಕೇಳಿದರು.

ಮರುದಿನ ಹರಿಹರದಲ್ಲಿ ಗಂಡಿನವರ ವಲೀಮಾ ಔತಣ. ಅಲ್ಲಿ ಬೇರೆಯವರ ಮೈಕ್‌ಸೆಟ್. ಚಾಚಾ ಮೊದಲನೆಯ ಪಂಕ್ತಿಯಲ್ಲೇ ಊಟಕ್ಕೆ ಕೂತರು. ಹಾರ್ನು ಕೀ ಅಂದಾಗೆಲ್ಲ ಅವರ ಕೈ ಚಡಪಡಿಸುವುದು, ಪಕ್ಕದಲ್ಲಿದ್ದ ನಾನು ಇನ್ನೊಂದು ತುಂಡು ಹಾಕಿಸುವುದು, ಹೀಗೇ ಊಟ ಮುಗಿಯಿತು. ನಮ್ಮ ಓಣಿಯ ಕೇಬಲು ಮಾತ್ರ ಬಹಳ ದಿನ ಗೋಡೆಗಳ ಮೇಲೆ ಹಾಗೇ ಇತ್ತು. ಸಂಜೆಯಾದರೆ ಚಾಚಿಯ ಅಡುಗೆಮನೆಗೆ ಒಂದು ಹಾಡು ಹೋಗುತ್ತಿತ್ತು.

ಚಾಚಾ ತೀರಿಕೊಂಡು ಕೆಲವು ವರ್ಷಗಳಾದವು. ನನ್ನ ಮದುವೆಗೂ ಅವರೇ ಮೈಕ್‌ಸೆಟ್ ಹಾಕಿದ್ದರು; ನಮ್ಮ ಆಲ್ಬಮ್ಮನ್ನು ಎಷ್ಟು ತಿರುವಿದರೂ ಅವರು ಸಿಗುವುದಿಲ್ಲ, ಒಂದು ಫೋಟೋದ ಅಂಚಿನಲ್ಲಿ ಮೊಣಕೈ ಮಾತ್ರ ಇದೆ. ಓಣಿಯ ಯಾರ ಆಲ್ಬಮ್ಮಿನಲ್ಲೂ ಅವರಿಲ್ಲ. ಪೆಟ್ಟಿಗೆಯ ಧೂಳು ತೆಗೆದ ಮೇಲೆ ಮನಸ್ಸು ನಿಲ್ಲದೆ, ಅವರು ಅಂದು ಸಾಲು ಹಚ್ಚಿಸಿದ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಭಾನುವಾರ ಹರಿಹರಕ್ಕೆ ಹೋದೆ. ಮಗಳಿಗೆ ಈಗ ತಲೆಯಲ್ಲಿ ಬೆಳ್ಳಿ ಕೂದಲು. ಪೆನ್‌ಡ್ರೈವ್ ತೆಗೆದುಕೊಂಡು ಒಳಗೆ ಹೋಗಿ ಮದುವೆಯ ಆಲ್ಬಮ್ ತಂದು ನನ್ನ ಮುಂದಿಟ್ಟಳು.

"ನೋಡ್ರಿ ಅಣ್ಣಾ. ಯಾವ ಹಾಳಿ ತೆಗೆದ್ರೂ ಅಬ್ಬಾ ಅದಾರೆ."

ಒಂದೊಂದೇ ಪುಟ ತಿರುವಿದೆ. ಹೂವಿನ ಮುಸುಕಿನ ಪಕ್ಕದಲ್ಲಿ ಅವರು. ಬಂದವರ ಕೈ ಹಿಡಿದುಕೊಂಡು ಅವರು. ಒಂದರಲ್ಲಿ ಬಾಯಿ ತುಂಬ ಊಟ, ಒಂದರಲ್ಲಿ ಕಣ್ಣು ಮುಚ್ಚಿಹೋಗಿದೆ. ಅವರಿಲ್ಲದ ಸಂಕಟದ ಜೊತೆಗೆ ಒಂದು ಹೆಮ್ಮೆಯೂ ಬಂತು. ಹೇಳುವುದೇನಿದ್ದರೂ ಇಷ್ಟೇ. ಅವರು ಈಗ ಇಲ್ಲ. ಆದರೆ ಆ ಒಂದು ಮದುವೆಯಲ್ಲಿ ಅವರು ಇದ್ದರು.